ಇಂಜಿನ್ನಿನ ಹಳದಿ ದೀಪ ಹೊತ್ತಿದಾಗ



ಕಳೆದ ಜನವರಿಯಲ್ಲಿ, ಹಣ್ಣು ಕೊಯ್ಲು ಬಿರುಸಾಗಿದ್ದ ವಾರದಲ್ಲೇ, ನಮ್ಮ ಸಂಘದ ಪಿಕಪ್ ಗಾಡಿಯ ಮೀಟರ್ ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಅದರೊಂದಿಗೆ ರೇಡಿಯೇಟರಿನ ಫ್ಯಾನು ಇಂಜಿನ್ ತಣ್ಣಗಿದ್ದರೂ ನಿಲ್ಲದೆ ತಿರುಗತೊಡಗಿತು. ಪೇಟೆಯ ಒಂದು ವರ್ಕ್‌ಷಾಪಿಗೆ ಕಳುಹಿಸಿದೆವು. ಉಷ್ಣತೆಯ ಸೆನ್ಸಾರು ಹೋಗಿದೆ ಎಂದರು, ಬದಲಾಯಿಸಿದರು, ದೀಪ ಆರಿತು. ಮೂರನೆಯ ದಿನ ಮತ್ತೆ ಹೊತ್ತಿತು. ಹಾಕಿದ ಸೆನ್ಸಾರೇ ಕಳಪೆ ಇರಬಹುದೆಂದು ಇನ್ನೊಂದು ಹಾಕಿದರು. ವಾರ ಕಳೆಯುವುದರೊಳಗೆ ಮತ್ತೆ ಅದೇ ದೀಪ. ಎರಡು ಸೆನ್ಸಾರು, ಎರಡು ಸಲದ ಕೂಲಿ, ಗಾಡಿಯಿಲ್ಲದ ದಿನಗಳಲ್ಲಿ ಹಣ್ಣು ಸಾಗಿಸಲು ಬಾಡಿಗೆ ಜೀಪು, ಇಷ್ಟನ್ನೂ ಸಂಘದ ಖರ್ಚಿಗೆ ಮಂಜೂರು ಮಾಡಿದವನು ನಾನೇ. ಆದುದರಿಂದ ಈ ಲೇಖನವನ್ನು ಒಂದು ರೀತಿಯಲ್ಲಿ ನನ್ನ ಲೆಕ್ಕ ಒಪ್ಪಿಸುವಿಕೆ ಎಂದು ತಿಳಿದರೂ ಸರಿಯೇ.

ಆಮೇಲೆ ಸಂಘಕ್ಕೆಂದು ಒಂದು ತಪಾಸಣೆಯ ಉಪಕರಣವನ್ನು ಕೊಂಡು, ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಮೊಬೈಲಿನಲ್ಲಿಯೂ ಅದನ್ನು ಸಜ್ಜುಗೊಳಿಸಿ, ನಾನೇ ಬಾನೆಟ್ಟಿನೊಳಗೆ ತಲೆ ಹಾಕಿದೆ. ತೋಟದ ಯಂತ್ರಗಳನ್ನು ಸ್ವತಃ ಬಿಚ್ಚಿ ಜೋಡಿಸುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಪಲ್ಪರನ್ನು ಬಿಚ್ಚುವ ಕೈಗೆ ಇದು ಕಷ್ಟದ ಕೆಲಸವೇನಲ್ಲ. ಆದರೆ ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು.

ಈಗಿನ ಗಾಡಿಗಳಲ್ಲಿ ಇಂಜಿನ್ನನ್ನು ನಡೆಸುವುದು ಈ.ಸಿ.ಯು. ಎಂಬ ಕಂಪ್ಯೂಟರು. ಅದು ಹತ್ತಾರು ಸೆನ್ಸಾರುಗಳಿಂದ ಬರುವ ವೋಲ್ಟೇಜನ್ನು ಎಡೆಬಿಡದೆ ನೋಡುತ್ತಿರುತ್ತದೆ. ಯಾವುದಾದರೂ ವೋಲ್ಟೇಜು ಇರಬೇಕಾದ ಮಿತಿಯನ್ನು ದಾಟಿದರೆ ಒಂದು ಸಂಕೇತ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡು ಹಳದಿ ದೀಪವನ್ನು ಹೊತ್ತಿಸುತ್ತದೆ. ಈ ಏರ್ಪಾಡಿಗೆ ಓ.ಬಿ.ಡಿ. ಎಂದು ಹೆಸರು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಓ.ಬಿ.ಡಿ. 2 ಕಡ್ಡಾಯವಾಯಿತು. ನಮ್ಮಲ್ಲಿ ಬಿ.ಎಸ್. 4 ದರ್ಜೆಯ ನಾಲ್ಕು ಚಕ್ರದ ವಾಹನಗಳಿಗೆ 2013ರ ಏಪ್ರಿಲ್‌ನಿಂದ ಬಂತು. ಆ ದರ್ಜೆ ಇಡೀ ದೇಶಕ್ಕೆ ಅನ್ವಯವಾದದ್ದು 2017ರ ಏಪ್ರಿಲ್ 1ರಂದು, ಬಿ.ಎಸ್. 6 ಬಂದದ್ದು 2020ರ ಏಪ್ರಿಲ್ 1ರಂದು. ಹೀಗಾಗಿ 2017ರ ನಂತರ ಕೊಂಡ ನಿಮ್ಮ ಕಾರು, ಪಿಕಪ್ಪುಗಳಲ್ಲಿ ಈ ಸೌಲಭ್ಯ ಇದ್ದೇ ಇರುತ್ತದೆ. ಅದಕ್ಕೂ ಹಿಂದಿನವುಗಳಲ್ಲಿ ನೋಡಿಯೇ ಹೇಳಬೇಕು. ಹಳೆಯ ಡೀಸೆಲ್ ಜೀಪು ಇಟ್ಟುಕೊಂಡವರು ಈ ಪುಟವನ್ನು ತಿರುವಿಹಾಕಬಹುದು. ಅವರ ಗಾಡಿಗೆ ಕಂಪ್ಯೂಟರೂ ಇಲ್ಲ, ಈ ತಲೆನೋವೂ ಇಲ್ಲ. ಪವರ್ ಟಿಲ್ಲರು, ಕಳೆ ಕೊಚ್ಚುವ ಯಂತ್ರಗಳಿಗೂ ಇದು ಸಂಬಂಧಿಸಿದ್ದಲ್ಲ.

ಮೊದಲು ಸಾಕೆಟ್ಟನ್ನು ಹುಡುಕಿಕೊಳ್ಳಿ. ಸ್ಟೀರಿಂಗಿನ ಕೆಳಗೆ, ಡ್ರೈವರನ ಮೊಣಕಾಲಿನ ಆಸುಪಾಸಿನಲ್ಲಿ, ಕೆಲವೊಮ್ಮೆ ಚಿಕ್ಕ ಮುಚ್ಚಳದ ಹಿಂದೆ ಇರುತ್ತದೆ. ಮೇಲೆ ಎಂಟು, ಕೆಳಗೆ ಎಂಟು, ಒಟ್ಟು 16 ತೂತುಗಳು. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಉಪಕರಣವನ್ನು ಚುಚ್ಚುವ ಮೊದಲು ಒಂದು ಮಲ್ಟಿಮೀಟರ್ ಹಿಡಿದು ಸಾಕೆಟ್ಟನ್ನೇ ಪರೀಕ್ಷಿಸುವುದು ಒಳ್ಳೆಯದು. 16ನೆಯ ತೂತಿನಲ್ಲಿ ಸದಾ ಬ್ಯಾಟರಿಯ ಪಾಸಿಟಿವ್, 4 ಮತ್ತು 5ರಲ್ಲಿ ಅರ್ಥು. 4ಕ್ಕೂ 16ಕ್ಕೂ ನಡುವೆ 12 ವೋಲ್ಟಿನಷ್ಟು ತೋರಿಸದಿದ್ದರೆ ಫ್ಯೂಸು ಹೋಗಿದೆ ಎಂದರ್ಥ. ಎಷ್ಟೋ ಗಾಡಿಗಳಲ್ಲಿ ಸಿಗರೇಟ್ ಹಚ್ಚುವ ಸಾಕೆಟ್ಟಿಗೂ ಇದಕ್ಕೂ ಒಂದೇ ಫ್ಯೂಸು. ಮೊಬೈಲ್ ಚಾರ್ಜರು ಚುಚ್ಚಿ ಫ್ಯೂಸು ಸುಟ್ಟಿರುವುದು ಗೊತ್ತಾಗದೆ, ಉಪಕರಣವೇ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಿದವರಿದ್ದಾರೆ. 6 ಮತ್ತು 14ನೆಯ ತೂತುಗಳು ಮಾತುಕತೆಯ ತಂತಿಗಳು; ಇದಕ್ಕೆ ಕ್ಯಾನ್ ಎನ್ನುತ್ತಾರೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಇವೆರಡರ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮಿನಷ್ಟು ಬರಬೇಕು. 120 ಬಂದರೆ ಒಂದು ಕಡೆ ತಂತಿ ತುಂಡಾಗಿರುವ ಸಂಶಯವಿದೆ. ಹಳೆಯ ಕೆಲವು ಡೀಸೆಲ್ ಗಾಡಿಗಳು ಕ್ಯಾನ್ ಬಿಟ್ಟು 7ನೆಯ ತೂತಿನಿಂದ ಮಾತನಾಡುತ್ತವೆ.

ಇನ್ನು ಉಪಕರಣ. ಸಾಕೆಟ್ಟಿಗೆ ಚುಚ್ಚುವ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಅಡಾಪ್ಟರು ಮೂರು ಬಗೆಯಲ್ಲಿ ಸಿಗುತ್ತದೆ: ಬ್ಲೂಟೂತ್, ವೈಫೈ, ಯು.ಎಸ್.ಬಿ. ತಂತಿಯದು. ಇವುಗಳಲ್ಲಿ ಹೆಚ್ಚಿನವು ಎಲ್ಮ್ 327 ಎಂಬ ಚಿಪ್ಪಿನ ನಕಲುಗಳು. ಅಸಲು ಚಿಪ್ಪನ್ನು ತಯಾರಿಸುತ್ತಿದ್ದ ಕೆನಡಾ ದೇಶದ ಎಲ್ಮ್ ಎಲೆಕ್ಟ್ರಾನಿಕ್ಸ್ 2022ರಲ್ಲಿ ಬಾಗಿಲು ಮುಚ್ಚಿತು. ಸಂತೆಯಲ್ಲಿ 1.5 ಎಂದು ಹಣೆಪಟ್ಟಿ ಹಚ್ಚಿಕೊಂಡು ಬರುವ ಆವೃತ್ತಿಯನ್ನು ಆ ಕಂಪನಿ ಎಂದೂ ಹೊರಡಿಸಿಯೇ ಇರಲಿಲ್ಲ! ಆದರೂ ಅವುಗಳಲ್ಲಿ ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ. 2.1 ಎಂದು ತೋರಿಸುವ ಅಗ್ಗದ ನಕಲುಗಳಲ್ಲಿ ಎಷ್ಟೋ ಹಳೆಯ ಗಾಡಿಗಳೊಡನೆ ಮಾತೇ ಆಡುವುದಿಲ್ಲ. ನಕಲು ಎಷ್ಟು ಆಜ್ಞೆಗಳಿಗೆ ಉತ್ತರ ಕೊಡುತ್ತದೆಂದು ಪರೀಕ್ಷಿಸುವ ಉಚಿತ ಆ್ಯಪುಗಳಿವೆ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಪರೀಕ್ಷಿಸಿಕೊಳ್ಳಿ.

ಆಂಡ್ರಾಯ್ಡ್ ಮೊಬೈಲಿಗೆ ಬ್ಲೂಟೂತ್ ಅಡಾಪ್ಟರು ಸಾಕು. ಐಫೋನು ಹೊಂದಿದ ನಮ್ಮ ಮಕ್ಕಳು ವೈಫೈ ಬಗೆಯದನ್ನು ಅಥವಾ ಐಫೋನಿಗೆ ಒಗ್ಗುತ್ತದೆಂದು ಸ್ಪಷ್ಟವಾಗಿ ಬರೆದಿರುವ ಬ್ಲೂಟೂತನ್ನು ಕೊಳ್ಳಬೇಕು. ಟಾರ್ಕ್, ಕಾರ್ ಸ್ಕ್ಯಾನರ್ ಮುಂತಾದ ಆ್ಯಪುಗಳಲ್ಲಿ ಒಂದನ್ನು ಸಿಗ್ನಲ್ ಸಿಗುವ ಕಡೆಯೇ ಇಳಿಸಿಕೊಳ್ಳಿ. ಆಮೇಲೆ ಸಂಕೇತಗಳನ್ನು ಓದಲು ಸಿಗ್ನಲ್ ಬೇಕಾಗಿಲ್ಲ, ತೋಟದ ನಡುವೆಯೂ ನಡೆಯುತ್ತದೆ. ಅಡಾಪ್ಟರನ್ನು ಚುಚ್ಚಿ, ಕೀಯನ್ನು ಇಂಜಿನ್ ಸ್ಟಾರ್ಟ್ ಆಗುವ ಹಿಂದಿನ ಹಂತದವರೆಗೆ ತಿರುಗಿಸಿ, ಮೊಬೈಲಿನ ಬ್ಲೂಟೂತ್ ಪಟ್ಟಿಯಲ್ಲಿ ಅದನ್ನು ಜೋಡಿಸಿಕೊಳ್ಳಿ. ಗುಪ್ತ ಸಂಖ್ಯೆ ಸಾಮಾನ್ಯವಾಗಿ 1234 ಅಥವಾ 0000. ಬಳಿಕ ಆ್ಯಪನ್ನು ತೆರೆದು ಅದರೊಳಗೆ ಇದೇ ಅಡಾಪ್ಟರನ್ನು ಆರಿಸಬೇಕು. ಈ ಎರಡನೆಯ ಆಯ್ಕೆಯನ್ನು ಮರೆಯುವವರೇ ಹೆಚ್ಚು. ವೈಫೈ ಬಗೆಯದಾದರೆ ವಿಳಾಸ 192.168.0.10, ಪೋರ್ಟ್ 35000 ಎಂದು ಬಹುತೇಕ ಇರುತ್ತದೆ. ಪ್ರೋಟೋಕಾಲ್ ಎಂದು ಕೇಳಿದಲ್ಲಿ ಆಟೋ ಎಂದೇ ಬಿಡಿ.

ಲ್ಯಾಪ್‌ಟಾಪಿನಲ್ಲಿ ಒಂದು ಕೆಲಸ ಹೆಚ್ಚು. ಯು.ಎಸ್.ಬಿ. ತಂತಿಯ ಡ್ರೈವರ್ ಎಂಬ ತಂತ್ರಾಂಶವನ್ನು ಮೊದಲು ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ ಅದಕ್ಕೆ ಯಾವ ಕಾಮ್ ಪೋರ್ಟ್ ಸಂಖ್ಯೆ ಬಂದಿದೆ ಎಂದು ನೋಡಿ, ತಪಾಸಣೆಯ ತಂತ್ರಾಂಶದಲ್ಲಿಯೂ ಅದೇ ಸಂಖ್ಯೆಯನ್ನು ಕೊಡಬೇಕು. ವೇಗ 38400 ಅಥವಾ 115200. ಒಂದರಲ್ಲಿ ಆಗದಿದ್ದರೆ ಇನ್ನೊಂದು. ನಾನು ಒಂದು ಇಡೀ ಸಂಜೆಯನ್ನು ಕಳೆದದ್ದು ಈ ಪೋರ್ಟ್ ಸಂಖ್ಯೆಯ ತಪ್ಪಿನಲ್ಲಿ. ಬೇರೆ ತೂತಿಗೆ ತಂತಿ ಚುಚ್ಚಿದರೆ ಸಂಖ್ಯೆ ಬದಲಾಗುತ್ತದೆಂದು ಅಂದಿನವರೆಗೆ ನನಗೆ ಗೊತ್ತಿರಲಿಲ್ಲ.

ಈ ಸಾಮಾನ್ಯ ಆ್ಯಪುಗಳು ಇಂಜಿನ್ನಿನ ಹೊಗೆಗೆ ಸಂಬಂಧಿಸಿದ ಸಂಕೇತಗಳನ್ನು ಮಾತ್ರ ಖಂಡಿತವಾಗಿ ಓದುತ್ತವೆ. ಎ.ಬಿ.ಎಸ್. ಬ್ರೇಕು, ಏರ್‌ಬ್ಯಾಗು ಮುಂತಾದವುಗಳಿಗೆ ಆಯಾ ಕಂಪನಿಯ ಗಾಡಿಗೇ ಮೀಸಲಾದ ತಂತ್ರಾಂಶ ಬೇಕು. ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಮೇಲೆ, ಆ ಗಾಡಿಗಳನ್ನು ಇಟ್ಟುಕೊಂಡವರಿಗೆ ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶ ಬಹಳ ಉಪಯೋಗಕ್ಕೆ ಬಂದಿದೆ. ಅದು ಫೋರ್ಡ್, ಮಾಜ್ದಾ ಗಾಡಿಗಳೊಡನೆ ಕಂಪನಿಯ ಭಾಷೆಯಲ್ಲೇ ಮಾತನಾಡುತ್ತದೆ. ಎಲ್ಲ ಕಂಪನಿಗಳಿಗೂ ಇಂಥದು ಸಿಗುವುದಿಲ್ಲ.

ಈಗ ಸಂಕೇತಗಳ ಮಾತು. ಸಂಕೇತ ಕಂಡ ಕೂಡಲೇ ಅಳಿಸುವ ಗುಂಡಿಯನ್ನು ಒತ್ತಬೇಡಿ. ನಾನು ಮಾಡಿದ ಮೊದಲ ತಪ್ಪು ಅದೇ. ಪಿಕಪ್ಪನ್ನು ವರ್ಕ್‌ಷಾಪಿಗೆ ಕಳುಹಿಸುವ ಹಿಂದಿನ ರಾತ್ರಿ ಯಾರದೋ ಉಪಕರಣವನ್ನು ಕಡ ತಂದು, ದೀಪ ಆರಿದರೆ ಸಾಕೆಂದು ಅಳಿಸಿಬಿಟ್ಟಿದ್ದೆ. ಸಂಕೇತ ದಾಖಲಾದ ಗಳಿಗೆಯಲ್ಲಿ ಇಂಜಿನ್ನಿನ ವೇಗ ಎಷ್ಟಿತ್ತು, ನೀರಿನ ಉಷ್ಣತೆ ಎಷ್ಟಿತ್ತು, ಗಾಡಿ ಓಡುತ್ತಿತ್ತೇ ನಿಂತಿತ್ತೇ ಎಂಬುದನ್ನು ಈ.ಸಿ.ಯು. ಒಂದು ಚಿತ್ರದಂತೆ ಹಿಡಿದಿಟ್ಟಿರುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಅಳಿಸಿದರೆ ಅದೂ ಹೋಯಿತು. ಬ್ಯಾಟರಿಯ ತಂತಿ ಬಿಚ್ಚಿದರೂ ಅನೇಕ ಗಾಡಿಗಳಲ್ಲಿ ಹೋಗುತ್ತದೆ. ಮೊದಲು ಸಂಕೇತ, ಫ್ರೀಜ್ ಫ್ರೇಮ್, ಕಿಲೋಮೀಟರು, ತಾರೀಖು ಇಷ್ಟನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ.

ಎರಡನೆಯದಾಗಿ, ಸಂಕೇತವನ್ನು ಅಕ್ಷರ ಅಕ್ಷರವಾಗಿ ಓದಬೇಕು. ನಮ್ಮ ಪಿಕಪ್ಪಿನಲ್ಲಿ ಬಂದದ್ದು ಪಿ 0118. ಪಿ ಎಂದರೆ ಇಂಜಿನ್ ಮತ್ತು ಗೇರಿನ ವಿಭಾಗ. ಮುಂದಿನ ಸೊನ್ನೆ, ಇದು ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತ ಎಂಬುದರ ಗುರುತು. ಅದರ ಅರ್ಥ "ಇಂಜಿನ್ ನೀರಿನ ಉಷ್ಣತೆಯ ಸೆನ್ಸಾರಿನ ಸರ್ಕ್ಯೂಟಿನಲ್ಲಿ ವೋಲ್ಟೇಜು ಹೆಚ್ಚು". ಇಲ್ಲಿ ಮುಖ್ಯವಾದ ಮಾತು ಸರ್ಕ್ಯೂಟು. ಸರ್ಕ್ಯೂಟೆಂದರೆ ಸೆನ್ಸಾರು, ಅದರ ಪ್ಲಗ್ಗು, ಎರಡು ವೈರು, ಈ.ಸಿ.ಯು. ಎಲ್ಲವೂ ಸೇರಿದ್ದು. ಸೆನ್ಸಾರು ಕೆಟ್ಟಿದೆ ಎಂದು ಕಂಪ್ಯೂಟರು ಎಲ್ಲಿಯೂ ಹೇಳಿರಲಿಲ್ಲ. ವರ್ಕ್‌ಷಾಪಿನವರು ಹಾಗೆ ಓದಿದರು, ನಾನೂ ತಲೆಯಾಡಿಸಿದೆ. ಬೇಲಿಯ ಕರೆಂಟು ನಿಂತಿದೆ ಎಂದರೆ ಬ್ಯಾಟರಿ ಹೋಗಿದೆ ಎಂದು ಯಾರೂ ಹೊಸ ಬ್ಯಾಟರಿ ತರುವುದಿಲ್ಲವಷ್ಟೆ; ಮೊದಲು ಬೇಲಿಯುದ್ದಕ್ಕೂ ಒಮ್ಮೆ ನಡೆದು ನೋಡುತ್ತೇವೆ.

ಆ ನಡಿಗೆ ಇಲ್ಲಿ ಹೇಗೆ ಎಂದರೆ, ಆ್ಯಪಿನ ಲೈವ್ ಡೇಟಾ ಪುಟವನ್ನು ತೆರೆದೆ. ನೀರಿನ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕಡಿಮೆ ಎಂದು ತೋರಿಸುತ್ತಿತ್ತು! ನಮ್ಮ ಡ್ರೈವರು ಇಣುಕಿ ನೋಡಿ, "ಸಾರ್, ನಾವು ಕಾಶ್ಮೀರಕ್ಕೆ ಯಾವಾಗ ಬಂದೆವು?" ಎಂದ. ಸರ್ಕ್ಯೂಟು ಎಲ್ಲೋ ತುಂಡಾಗಿದ್ದರೆ ಬರುವ ಸಂಖ್ಯೆಯೇ ಅದು. ಸೆನ್ಸಾರಿನ ಪ್ಲಗ್ಗನ್ನು ಬಿಚ್ಚಿದೆ. ಅದರಲ್ಲಿ ಎರಡು ಕಾಲುಗಳು. ಒಂದು ಸಣ್ಣ ತಂತಿಯಿಂದ ಅವೆರಡನ್ನೂ ಸೇರಿಸಿದರೆ, ವೈರುಗಳು ಸರಿಯಿದ್ದ ಪಕ್ಷದಲ್ಲಿ, ಪರದೆಯ ಸಂಖ್ಯೆ ಕೆಳಗಿನ ತುದಿಯಿಂದ ಮೇಲಿನ ತುದಿಗೆ, ನೂರಿಪ್ಪತ್ತು ಡಿಗ್ರಿಯನ್ನೂ ದಾಟಿ, ಜಿಗಿಯಬೇಕು. ಜಿಗಿದರೆ ವೈರೂ ಈ.ಸಿ.ಯು.ವೂ ಸರಿ, ಸೆನ್ಸಾರೇ ಕೆಟ್ಟಿದ್ದು. ನಮ್ಮಲ್ಲಿ ಅದು ಅಲುಗಾಡಲಿಲ್ಲ. ಪ್ಲಗ್ಗಿನ ಎರಡು ಕಾಲುಗಳ ನಡುವೆ ಮಲ್ಟಿಮೀಟರ್ ಇಟ್ಟರೆ 5 ವೋಲ್ಟಿನಷ್ಟು ಬರಬೇಕಿತ್ತು. ಒಮ್ಮೆ ಬಂತು, ವೈರಿನ ಕಟ್ಟನ್ನು ಅಲುಗಾಡಿಸಿದಾಗ ಮಾಯವಾಯಿತು.

ವೈರಿನ ಕಟ್ಟನ್ನು ಹಿಡಿದು ಹಿಂದಕ್ಕೆ ಹೋದಾಗ, ಬ್ಯಾಟರಿಯ ತಟ್ಟೆಯ ಹಿಂದೆ ಅಡಿಕೆ ಸಿಪ್ಪೆ, ಗೋಣಿಯ ನಾರು ಸೇರಿಸಿ ಇಲಿ ಕಟ್ಟಿದ್ದ ಗೂಡು. ಒಂದು ವೈರು ಎರಡೇ ಎಳೆಗಳಲ್ಲಿ ನೇತಾಡುತ್ತಿತ್ತು. ಸೆನ್ಸಾರು ಬದಲಾಯಿಸುವಾಗ ಕಟ್ಟು ಅಲುಗಿ ಎಳೆಗಳು ಕೂಡಿಕೊಳ್ಳುತ್ತಿದ್ದವು, ದೀಪ ಆರುತ್ತಿತ್ತು. ತೋಟದ ದಾರಿಯ ಕುಲುಕಾಟಕ್ಕೆ ಬಿಟ್ಟುಕೊಳ್ಳುತ್ತಿದ್ದವು. ಗಾಡಿಯನ್ನು ನಾವು ನಿಲ್ಲಿಸುತ್ತಿದ್ದುದು ಅಡಿಕೆ ಸುಲಿಯುವ ಶೆಡ್ಡಿನ ಪಕ್ಕದಲ್ಲಿ. ಇನ್ನೇನು ಹೇಳುವುದು!

ರಿಪೇರಿಯ ಬಗ್ಗೆ ಒಂದು ಮಾತು. ವೈರನ್ನು ಹೊಸೆದು ಟೇಪು ಸುತ್ತಿ ಬಿಡಬೇಡಿ. ನಮ್ಮ ಮಳೆಗಾಲ ಒಂದು ಮುಗಿಯುವುದರೊಳಗೆ ತಾಮ್ರ ಹಸಿರಾಗುತ್ತದೆ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆಯನ್ನು ಏರಿಸಿ, ಮೇಲೆ ಪ್ಲಾಸ್ಟಿಕ್ ಸುರುಳಿ ಕೊಳವೆ ಹಾಕಿ. ಹಾಗೆಯೇ ಎಚ್ಚರಿಕೆಯ ಮಾತು: ಎರಡು ಕಾಲುಗಳನ್ನು ಸೇರಿಸುವ ಪರೀಕ್ಷೆ ಎರಡು ವೈರಿನ ಉಷ್ಣತೆಯ ಸೆನ್ಸಾರಿಗೆ ಮಾತ್ರ. ಮೂರು ವೈರಿನ ಪ್ಲಗ್ಗಿನಲ್ಲಿ ಹೀಗೆ ಮಾಡಿದರೆ ಈ.ಸಿ.ಯು.ವಿನ ವಿದ್ಯುತ್ ಪೂರೈಕೆಯೇ ಶಾರ್ಟ್ ಆಗುತ್ತದೆ. ಹಳದಿ ಪ್ಲಗ್ಗುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಕಿತ್ತಳೆ ಬಣ್ಣದ ವೈರುಗಳು ವಿದ್ಯುತ್ ಗಾಡಿಗಳ ಹೆಚ್ಚಿನ ವೋಲ್ಟೇಜಿನವು, ಎರಡನ್ನೂ ಮುಟ್ಟಲೇಬೇಡಿ.

ಲೈವ್ ಡೇಟಾದಿಂದ ಬಿಡಿಭಾಗ ಕೊಳ್ಳದೆಯೇ ಸೆನ್ಸಾರುಗಳನ್ನು ಪರೀಕ್ಷಿಸುವ ಎರಡು ಉಪಾಯಗಳನ್ನು ಹೇಳಬೇಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ನೀರಿನ ಉಷ್ಣತೆಯೂ ಒಳಹೋಗುವ ಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು, ಜಗಲಿಯ ಥರ್ಮಾಮೀಟರಿಗೂ ಹೊಂದಬೇಕು. ಹತ್ತಾರು ಡಿಗ್ರಿ ವ್ಯತ್ಯಾಸವಿದ್ದರೆ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ. ಇನ್ನೊಂದು, ಇಂಜಿನ್ನಿಗೆ ಒಳಹೋಗುವ ಗಾಳಿಯ ಒತ್ತಡದ ಸೆನ್ಸಾರು. ಇಂಜಿನ್ ನಿಂತಿರುವಾಗ ಅದು ಊರಿನ ವಾಯುಭಾರವನ್ನೇ ತೋರಿಸಬೇಕು. ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲಿನ ಹತ್ತಿರ, ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದ ತೋಟದಲ್ಲಿ 90ರ ಹತ್ತಿರ, ಮಡಿಕೇರಿಯಲ್ಲಿ 88ರ ಆಸುಪಾಸು. ಬಯಲುಸೀಮೆಯ ಮೆಕ್ಯಾನಿಕ್ಕೊಬ್ಬ ನಮ್ಮಲ್ಲಿ 90 ಕಂಡು ಸೆನ್ಸಾರು ದುರ್ಬಲವಾಗಿದೆ ಎಂದರೆ ನಂಬಬೇಡಿ. ಚಾರ್ಮಾಡಿ ಘಾಟಿ ಇಳಿಯುವಾಗ ಪಕ್ಕದಲ್ಲಿ ಕುಳಿತವರು ವಾಯುಭಾರದ ಸಂಖ್ಯೆಯನ್ನು ನೋಡುತ್ತಿದ್ದರೆ ತಿರುವು ತಿರುವಿಗೂ ಅದು ಏರುವುದು ಕಾಣುತ್ತದೆ. ನೋಡುವುದು ಪಕ್ಕದವರೇ ಹೊರತು ಡ್ರೈವರಲ್ಲ.

ಬ್ಯಾಟರಿಯನ್ನೂ ನೋಡಿ. ನಿಂತ ಗಾಡಿಯಲ್ಲಿ 12.4ರಿಂದ 12.7 ವೋಲ್ಟು, ಇಂಜಿನ್ ಓಡುವಾಗ 14ರ ಹತ್ತಿರ ಇರಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಸಂಕೇತಗಳು ಒಟ್ಟಿಗೇ ಬಂದರೆ ಹತ್ತು ಭಾಗಗಳೂ ಕೆಟ್ಟಿವೆಯೆಂದು ಗಾಬರಿಯಾಗುವ ಮೊದಲು ಬ್ಯಾಟರಿಯ ಟರ್ಮಿನಲ್ಲು ಮತ್ತು ಅರ್ಥಿನ ನಟ್ಟನ್ನು ಬಿಗಿಮಾಡಿ.

ಪೀಪಾಯಿಯಲ್ಲಿ ಡೀಸೆಲ್ ಇಟ್ಟುಕೊಳ್ಳುವ ಸದಸ್ಯರಿಗೆ ಪಿ 0087 ಎಂಬ ಸಂಕೇತ ಎದುರಾಗಬಹುದು: ಇಂಧನದ ಕೊಳವೆಯಲ್ಲಿ ಒತ್ತಡ ಕಡಿಮೆ. ಪಂಪು ಹೋಗಿದೆ ಎಂಬ ತೀರ್ಪು ಇಲ್ಲಿ ಬಲುಬೇಗ ಬರುತ್ತದೆ, ಪಂಪಿನ ಬೆಲೆಯೋ ಕೇಳುವ ಹಾಗಿಲ್ಲ. ಮೊದಲು ಡೀಸೆಲ್ ಫಿಲ್ಟರು, ಅದರಡಿ ನಿಂತ ನೀರು, ಗಾಳಿ ಎಳೆಯುವ ಕೊಳವೆಯ ಕ್ಲಿಪ್ಪುಗಳು. ಆ್ಯಪಿನಲ್ಲಿ ಒತ್ತಡ 30,000 ಕಿಲೋಪ್ಯಾಸ್ಕಲ್ ಎಂದು ಕಂಡರೆ ಹೆದರಬೇಕಿಲ್ಲ. ಅದು 300 ಬಾರ್, ನಿಧಾನವಾಗಿ ಓಡುವ ಕಾಮನ್ ರೈಲ್ ಇಂಜಿನ್ನಿಗೆ ಸಹಜವಾದದ್ದು.

ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಡಿ.ಪಿ.ಎಫ್. ಎಂಬ ಮಸಿಯ ಜರಡಿ ಇರುತ್ತದೆ. ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು. ತೋಟದಿಂದ ಪಲ್ಪರಿಗೆ, ಪಲ್ಪರಿನಿಂದ ಕಣಕ್ಕೆ, ಮೊದಲ ಎರಡು ಗೇರಿನಲ್ಲೇ ಓಡಾಡುವ ಗಾಡಿಗೆ ಆ ಶಾಖ ಬರುವುದೇ ಇಲ್ಲ. ಪಿ 2463 ಎಂದರೆ ಜರಡಿ ಮಸಿಯಿಂದ ತುಂಬಿದೆ ಎಂದರ್ಥ. ಅದಕ್ಕೆ ಮೊದಲೇ ಗಾಡಿಯ ಕೈಪಿಡಿಯಲ್ಲಿ ಹೇಳಿದಂತೆ ಆಗಾಗ್ಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಬೇಕು. ಕೆಲವು ತಂತ್ರಾಂಶಗಳಿಂದ ನಿಂತಲ್ಲೇ ಮಸಿಯನ್ನು ಸುಡಿಸಬಹುದು. ಆಗ ಸೈಲೆನ್ಸರು ಕೆಂಡದಂತಾಗುತ್ತದೆ. ದರಗು ಬಿದ್ದ ನೆಲದ ಮೇಲೆ, ಅಡಿಕೆ ಒಣಗಿಸುವ ಅಂಗಳದಲ್ಲಿ, ಶೆಡ್ಡಿನೊಳಗೆ ಎಂದಿಗೂ ಮಾಡತಕ್ಕದ್ದಲ್ಲ. ತಂತ್ರಾಂಶ ತಿದ್ದಿ ಜರಡಿಯನ್ನೇ ಕಿತ್ತುಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ.

ಒಟ್ಟಿನಲ್ಲಿ ನಮ್ಮಂಥವರು ಕಂಪ್ಯೂಟರಿನಿಂದ ಓದುವ ಕೆಲಸಕ್ಕೆ ನಿಲ್ಲಬೇಕು. ಅದರೊಳಗೆ ಬರೆಯುವ ಕೆಲಸ, ಅಂದರೆ ಪ್ರೋಗ್ರಾಮಿಂಗ್, ಬೇರೆ. ಬರೆಯುವ ನಡುವೆ ಬ್ಯಾಟರಿ ಕುಸಿದರೆ ಈ.ಸಿ.ಯು. ನಿರುಪಯೋಗಿಯಾಗಿ ಗಾಡಿ ಅಲ್ಲೇ ನಿಲ್ಲುವ ಅಪಾಯವಿದೆ. ಕಳ್ಳ ಪ್ರತಿಯ ತಂತ್ರಾಂಶವನ್ನು ಸಂಘದ ಲೆಕ್ಕಪತ್ರ ಇರುವ ಕಂಪ್ಯೂಟರಿಗೆ ಹಾಕಬಾರದೆಂಬ ಕಾರಣಕ್ಕೇ ಹಳೆಯ ಲ್ಯಾಪ್‌ಟಾಪನ್ನು ಇದಕ್ಕೆಂದೇ ಬೇರೆ ಇಟ್ಟಿದ್ದೇವೆ.

ಉಪಕರಣ, ಮಲ್ಟಿಮೀಟರು, ಲ್ಯಾಪ್‌ಟಾಪು ಮೂರೂ ಸಂಘದ ಕಛೇರಿಯಲ್ಲಿವೆ. ಬೇಕಾದ ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಮಾಡಿ ಎರಡು ದಿನಗಳ ಮಟ್ಟಿಗೆ ಒಯ್ಯಬಹುದು. ಕೆಲಸ ಮುಗಿದ ಮೇಲೆ ಅಡಾಪ್ಟರನ್ನು ಸಾಕೆಟ್ಟಿನಲ್ಲೇ ಬಿಡಬೇಡಿ. 16ನೆಯ ತೂತಿನಲ್ಲಿ ಕೀ ತೆಗೆದರೂ ಕರೆಂಟು ಇರುವುದರಿಂದ, ವಾರಗಟ್ಟಲೆ ನಿಲ್ಲುವ ಗಾಡಿಯ ಬ್ಯಾಟರಿ ಇಳಿದುಹೋಗುತ್ತದೆ. ಹಿಂದಿರುಗಿಸುವಾಗ, ಕಂಡ ಸಂಕೇತವನ್ನೂ ಕೊನೆಗೆ ಸಿಕ್ಕ ಕಾರಣವನ್ನೂ ಅದೇ ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ ಬರೆಯಬೇಕಾಗಿ ವಿನಂತಿ. ಮೊದಲ ಸಾಲಿನಲ್ಲಿ ನಮ್ಮ ಪಿಕಪ್ಪಿನ ಪಿ 0118 ಇದೆ, ಅದರ ಮುಂದೆ "ಇಲಿ" ಎಂದು ಬರೆದಿದ್ದೇನೆ.